ಲಸಿಕೆಯ ಹೆಸರಲ್ಲಿ ಹಸು, ಸೀಸೆಯಲ್ಲಿ ಕುದುರೆ

ವ್ಯಾಕ್ಸಿನ್ ಅನ್ನೋ ಪದದೊಳಗೆ ಹಸು ಇದೆ. ಲ್ಯಾಟಿನ್‌ನಲ್ಲಿ ವಾಕ್ಕಾ ಅಂದ್ರೆ ಹಸು; ಇಷ್ಟು ನಿಮಗೆ ಗೊತ್ತಿರುತ್ತೆ. ನನ್ನನ್ನ ಕಾಡ್ತಿರೋ ಪ್ರಶ್ನೆ ಬೇರೆ. ಆ ಹೆಸರು ಹಸುವಿಗೇ ಸಲ್ಲಬೇಕಿತ್ತಾ?

1796ರ ಮೇ ತಿಂಗಳು, ಇಂಗ್ಲೆಂಡಿನ ಬರ್ಕ್ಲಿ. ಹಾಲು ಕರೆಯೋ ಸಾರಾ ನೆಲ್ಮ್ಸ್ ಕೈ ಮೇಲೆ ಗುಳ್ಳೆ ಎದ್ದಿತ್ತು, ಬ್ಲಾಸಮ್ ಅನ್ನೋ ಹಸುವಿನಿಂದ ಅಂಟಿದ್ದು. ಆ ಗುಳ್ಳೆಯ ರಸವನ್ನ ಡಾಕ್ಟರ್ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಜೇಮ್ಸ್ ಫಿಪ್ಸ್ ತೋಳಿಗೆ ಗೀರಿ ಹಾಕಿದ್ರು. ಆಮೇಲೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಿದ್ರು. ಹುಡುಗನಿಗೆ ಸಿಡುಬು ಬರಲಿಲ್ಲ. 1798ರ ಪುಸ್ತಕದಲ್ಲಿ ಅವರು ಕೊಟ್ಟ ಹೆಸರು ವೇರಿಯೋಲೇ ವ್ಯಾಕ್ಸಿನೇ, ಹಸುವಿನ ಸಿಡುಬು.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ ನೋಡಿ: ಈ ರೋಗದ ಮೂಲ ಕುದುರೆ. ಕುದುರೆ ಕಾಲಿನ ಹುಣ್ಣಿಗೆ ಮದ್ದು ಹಚ್ಚಿದ ಆಳು ಕೈ ತೊಳೀದೆ ಹಾಲು ಕರೆಯೋಕೆ ಕೂತರೆ, ಅದು ಕೆಚ್ಚಲಿಗೆ ದಾಟುತ್ತೆ ಅಂತ. ಎಷ್ಟೋ ವೈದ್ಯರು ಇದನ್ನ ಒಪ್ಪಲಿಲ್ಲ. ಜೆನ್ನರ್ ಇಲ್ಲಿ ಎಡವಿದ್ರು ಅಂತ ಈಗಲೂ ಹೇಳೋರಿದ್ದಾರೆ. ನಾನು ಒಪ್ಪಲ್ಲ. ಅಮೆರಿಕದಲ್ಲಿ 1902ರಲ್ಲಿ ತಯಾರಾದ ಸಿಡುಬಿನ ಲಸಿಕೆಯೊಂದರ ಜೀನೋಮ್ ವಿವರ 2017ರಲ್ಲಿ ಪ್ರಕಟವಾಯ್ತು. ಅದರ ತಿರುಳು ತೀರಾ ಹತ್ತಿರವಾಗಿ ಹೋಲಿದ್ದು ಕುದುರೆ ಸಿಡುಬಿನ ವೈರಸ್ಸನ್ನ!

ತಪ್ಪು ತಿಳೀಬೇಡಿ, ಸಾರಾಗೆ ಅಂಟಿದ್ದು ಹಸುವಿನಿಂದಲೇ. ಜೆನ್ನರ್ ಬೊಟ್ಟು ಮಾಡಿದ ಆ ಕಾಲಿನ ಹುಣ್ಣೂ ಬೇರೆ ರೋಗವೇ. ಆದರೆ ಕುದುರೆಯಿಂದ ತೆಗೆದ ರಸವನ್ನ ಮುಂದೆ ಅವರೂ ಬಳಸಿದ್ರು, ಯುರೋಪಿನ ಬೇರೆ ವೈದ್ಯರೂ ಬಳಸಿದ್ರು. ಕೊಟ್ಟಿಗೆಗೂ ಲಾಯಕ್ಕೂ ನಡುವೆ ಓಡಾಡೋ ಕೈಗಳನ್ನ ಗಮನಿಸಿದ್ದರಲ್ಲ, ಆ ಕಣ್ಣಿಗೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

1881ರಲ್ಲಿ ಲೂಯಿ ಪಾಶ್ಚರ್ ಲಂಡನ್ನಿನಲ್ಲಿ, ಜೆನ್ನರ್ ಗೌರವಾರ್ಥ ವ್ಯಾಕ್ಸಿನ್ ಅನ್ನೋ ಪದವನ್ನ ಬೇರೆ ರೋಗಗಳಿಗೂ ಬಳಸೋಣ ಅಂದ್ರು. ಅವರ ಲಸಿಕೆಗಳು ಇದ್ದದ್ದು ಕೋಳಿಗಳ ಕಾಲರಾಕ್ಕೆ, ಕುರಿಗಳ ಆಂಥ್ರಾಕ್ಸ್‌ಗೆ. ಅಲ್ಲೂ ಹೆಸರು ಹಸುವಿನದ್ದೇ.

ಪ್ರಾಣಿ ಅಡಗಿರೋ ಇನ್ನೂ ಕೆಲವು ಪದಗಳು, ಬೇಗ ಬೇಗ. ಮಸಲ್, ಲ್ಯಾಟಿನ್‌ನ ಪುಟ್ಟ ಇಲಿಯಿಂದ. ಚಿತ್ರಕಾರರ ಈಸೆಲ್, ಡಚ್ಚರ ಕತ್ತೆಯಿಂದ. ಈಸೆಲ್, ಕತ್ತೆ ಎರಡೂ ಭಾರ ಹೊರ್ತವೆ. ಆರ್ಕ್ಟಿಕ್‌ನಲ್ಲಿ ಗ್ರೀಕರ ಕರಡಿ ಇದೆ. ಅಲ್ಲಿ ಹಿಮಕರಡಿ ಇರೋದರಿಂದ ಆ ಹೆಸರು ಅಂತಾರಲ್ಲ, ಅದು ತಪ್ಪು. ಆ ಕರಡಿ ಇರೋದು ಉತ್ತರದ ಆಕಾಶದಲ್ಲಿ, ನಕ್ಷತ್ರಪುಂಜವಾಗಿ. ನಮ್ಮ ಸಪ್ತರ್ಷಿಗಳ ಏಳೂ ನಕ್ಷತ್ರ ಅದೇ ಕರಡಿಯ ಮೈಯಲ್ಲಿವೆ.