ಕೈಚಾಚದವರ ಕಷ್ಟ
(ಬುಕ್ಕಾಪಟ್ಟಣದ ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನನ್ನು ಭಯಪಡೋಣ.

2020 ಮತ್ತು 2021ರ ಈದುಲ್ ಫಿತ್ರ್ ಎರಡೂ ಲಾಕ್‌ಡೌನ್‌ನಲ್ಲೇ ಕಳೆದವು. ಈದ್‌ಗೆ ಮೆಹಂದಿ, ಶವ್ವಾಲ್‌ನ ಮದುವೆಗಳಿಗೆ ವಧುವಿನ ಅಲಂಕಾರ. ನಮ್ಮ ಕಡೆ ಮನೆಯ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಸಹೋದರಿಯರ ಮುಖ್ಯ ದುಡಿಮೆ ಇದೇ. ಅದು ನಿಂತಿತು, ಮನೆ ಬಾಡಿಗೆಯೂ ಸಂಘದ ಸಾಲವೂ ನಿಲ್ಲಲಿಲ್ಲ. ಸರಕಾರ ಕ್ಷೌರಿಕರಿಗೆ 2020ರಲ್ಲಿ 5,000, 2021ರಲ್ಲಿ 2,000 ರೂಪಾಯಿ ಘೋಷಿಸಿತು. ಬೋರ್ಡು, ಪರವಾನಗಿ ಇಲ್ಲದ ಸಹೋದರಿ ಯಾವ ಕಾಗದ ತೋರಿಸಬೇಕು?

ಸ್ವಾಭಿಮಾನದಿಂದ ಬೇಡದೆ ಇರುವವರನ್ನು ತಿಳಿಯದವರು ಅನುಕೂಲಸ್ಥರೆಂದು ಭಾವಿಸುತ್ತಾರೆ ಎಂದು ಕುರ್‌ಆನ್ (2:273) ಎಚ್ಚರಿಸುತ್ತದೆ. ಆ ತಿಳಿಯದವರು ನಾವೇ. ನಮ್ಮಲ್ಲೇ ಕೆಲವರು ಮಗಳ ಮದುವೆಯ ಅಲಂಕಾರದ ಹಣವನ್ನು ಇನ್ನೂ ಕೊಟ್ಟಿಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಮರೆತೆವೇ?

ಇಂದೇ ಬಾಕಿ ತೀರಿಸೋಣ. ಸಾಲ ಕೊಟ್ಟವರು, ಮನೆ ಬಾಡಿಗೆಗೆ ಕೊಟ್ಟವರು ಕುರ್‌ಆನ್ (2:280) ಕಲಿಸಿದಂತೆ ಕಾಲಾವಕಾಶ ಕೊಡೋಣ. ಮನ್ನಾ ಮಾಡಿದರೆ ಇನ್ನೂ ಉತ್ತಮ. ಸಾಲದಲ್ಲಿ ಮುಳುಗಿದವರಿಗೂ ಝಕಾತ್‌ನಲ್ಲಿ ಪಾಲಿದೆ (9:60). ಅದನ್ನು ಫೋಟೊ ತೆಗೆಯದೆ, ನಮ್ಮ ಮನೆಯ ಹೆಣ್ಣುಮಕ್ಕಳ ಮೂಲಕ ಸದ್ದಿಲ್ಲದೆ ತಲುಪಿಸೋಣ.

ಅಲ್ಲಾಹನು ಎಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.