ನಿನ್ನೆಯವರು ಕಂಡ ನಾಳೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಚಿತ್ರ ಬರೆಯುವವನಲ್ಲ. ಆದರೂ ಸಮಿತಿಯ ಹಿರಿಯರು, “ನಿನಗೆ ಕಂಪ್ಯೂಟರ್ ಗೊತ್ತಲ್ಲಪ್ಪ, ನೆನಪಿನ ಕಾಣಿಕೆಯ ಪಿನ್‌ಗಳನ್ನು ನೀನೇ ಡಿಸೈನ್ ಮಾಡು” ಎಂದರು. ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಪಿನ್‌ಗಳು, ಐದರದೊಂದು ಸೆಟ್.

ಹಿಂದಿನವರು ಮುಂದಿನ ಕಾಲವನ್ನು ಹೇಗೆ ಕಲ್ಪಿಸಿಕೊಂಡಿದ್ದರೋ ಹಾಗೆ ಬರೆಯುವ ಒಂದು ಶೈಲಿ ಇದೆ. ಅದಕ್ಕೆ ರೆಟ್ರೋ ಫ್ಯೂಚರಿಸಂ ಎನ್ನುತ್ತಾರೆ. ಆ ಶೈಲಿಯಲ್ಲಿ ಹಾರುವ ಕಾರು, ರೋಬೋಟ್, ಗಾಜಿನ ಗೋಪುರ ಬರೆದು ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. “ಚೆನ್ನಾಗಿದೆ ಕಣಯ್ಯ. ಆದರೆ ಇದು ಯಾವ ಊರಿನ ಶಾಲೆಯದು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮವರೂ ನಾಳೆಯನ್ನು ಕಂಡವರೇ ಅಲ್ಲವೇ? ಹಾಗೆ ಯೋಚಿಸಿ ಹೊಸದಾಗಿ ಶುರುಮಾಡಿದೆ. ಮೊದಲ ಪಿನ್ ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯವರೆಗೆ ಹರಿಯಿತು. ಎರಡನೆಯದು ರೇಡಿಯೋ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮೂರನೆಯದು 1961ರಿಂದ ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ ಬೈಕು. ನಾಲ್ಕನೆಯದು ಆರ್ಯಭಟ. ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಈ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ನೀವೆಲ್ಲ ಅದನ್ನು ನೋಡಿದ್ದೀರಿ. ವಿದ್ಯುತ್ ತೊಂದರೆಯಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಕಟ್ಟಲು ಕಲಿತ ಕೈಗಳು ಮಾತ್ರ ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ಸೋತ ಮಕ್ಕಳು ಇದನ್ನು ನೆನಪಿಡಿ.

ಪಿನ್ ಮಾಡುವುದು ಸುಲಭವಲ್ಲ. ಲೋಹದ ಮೇಲೆ ಅಚ್ಚು ಒತ್ತಿದಾಗ ಗೆರೆಗಳು ಉಬ್ಬಿ ನಿಲ್ಲುತ್ತವೆ. ನಡುವಿನ ತಗ್ಗಿನಲ್ಲಿ ಬಣ್ಣ ತುಂಬಿ ಕಾಯಿಸಿ ಗಟ್ಟಿಮಾಡುತ್ತಾರೆ. ಗೆರೆ ತೀರಾ ಸಣ್ಣದಾದರೆ ಅಳಿಸಿಹೋಗುತ್ತದೆ. ‘ಸುವರ್ಣ ಮಹೋತ್ಸವ’ ಎಂದು ಬರೆಸಿದರೆ ಒತ್ತಕ್ಷರವೆಲ್ಲ ಮುದ್ದೆಯಾಯಿತು. ಕೊನೆಗೆ ‘ಬೋಗಾದಿ 50’ ಎಂದಷ್ಟೇ ಉಳಿಸಿದೆ. ಪುಣ್ಯಕ್ಕೆ ನಮ್ಮೂರಿನ ಹೆಸರಿನಲ್ಲಿ ಒತ್ತಕ್ಷರವಿಲ್ಲ!

ಐದನೆಯ ಪಿನ್ನಿಗೆ ನನಗೆ ಏನೂ ಹೊಳೆಯಲಿಲ್ಲ. ಈಗಿನ ಒಂಬತ್ತನೇ ತರಗತಿಗೆ ಹೋಗಿ, “ಇನ್ನು ಐವತ್ತು ವರ್ಷಕ್ಕೆ ಬೋಗಾದಿ ಹೇಗಿರುತ್ತೆ, ಬರೆಯಿರಿ” ಎಂದೆ. ಬಹಳ ಮಕ್ಕಳು ಮೆಟ್ರೋ, ಡ್ರೋನ್ ಬರೆದರು. ಒಬ್ಬಳು ಹುಡುಗಿ ತುಂಬಿದ ಕೆರೆ, ಬೆಳ್ಳಕ್ಕಿ, ಏರಿಯ ಮೇಲೊಂದು ಸೈಕಲ್ ಬರೆದಿದ್ದಳು. “ಇದು ಹಿಂದಿನದಲ್ಲವೇನಮ್ಮ?” ಎಂದೆ. “ನಮ್ಮಜ್ಜಿ ನೋಡಿದ್ದಾರೆ ಸರ್. ನಾನು ನೋಡಿಲ್ಲ. ದೊಡ್ಡವಳಾದ ಮೇಲೆ ನೋಡಬೇಕು” ಎಂದಳು.

ನಾನು ಓದುವಾಗ ಈ ಕಡೆ ಹೊಲಗಳಿದ್ದವು. ಈಗ ಬಡಾವಣೆಗಳಾಗಿವೆ. ನನ್ನ ಮನೆಯೂ ಅಂಥದೊಂದು ಸೈಟಿನಲ್ಲೇ ಇದೆ. ಆ ಮಗುವಿನ ಮುಂದೆ ತಲೆ ತಗ್ಗಿಸಿದೆ. ಅವಳ ಚಿತ್ರವೇ ಐದನೆಯ ಪಿನ್ ಆಯಿತು.

ಯಾವ ಪಿನ್ ಸಿಗುತ್ತದೆಂದು ತಿಳಿಯದಂತೆ ಲಕೋಟೆಯಲ್ಲಿ ಹಾಕಿ ಮಾರಿದರೆ ಜನ ಮತ್ತೆ ಮತ್ತೆ ಕೊಳ್ಳುತ್ತಾರೆಂದು ಗೆಳೆಯರು ಹೇಳಿದರು. ಬೇಡವೆಂದೆ. ಹಳೆಯ ವಿದ್ಯಾರ್ಥಿಗಳು ಪೂರ್ತಿ ಸೆಟ್ ಕೊಳ್ಳಲಿ. ಆ ಹಣದಿಂದ ಇಲ್ಲಿನ ಪ್ರತಿ ಮಗುವಿಗೂ ಒಂದೊಂದು ಪಿನ್ ಉಚಿತ. ಐದನ್ನೂ ಸಾಲಾಗಿ ಇಟ್ಟರೆ ಶಿವನಸಮುದ್ರದ ನೀರಿನ ಗೆರೆ ಎಲ್ಲವನ್ನೂ ಹಾದು ಆ ಕೆರೆಗೆ ಸೇರುತ್ತದೆ. ಅದನ್ನು ಕಾಣಬೇಕಾದರೆ ಐವರು ಮಕ್ಕಳು ಒಟ್ಟಿಗೆ ಕೂರಬೇಕು.

ಮೊದಲ ನಾಲ್ಕು ಪಿನ್‌ಗಳ ನಾಳೆಯನ್ನು ನಮ್ಮ ಹಿರಿಯರು ಮಾಡಿ ತೋರಿಸಿದರು. ಐದನೆಯದು ಬಾಕಿ ಇದೆ. ಅದು ನಮ್ಮ ಪಾಲಿನ ಕೆಲಸ. ಮಕ್ಕಳು ದೊಡ್ಡವರಾಗುವವರೆಗೆ ಅದನ್ನು ಕಾಯಿಸುವುದು ಬೇಡ.