ರೈತರ ಮನೆಯ ಕಂಪ್ಯೂಟರಿಗೆ ಕಾವಲು



ಉಡುಪಿ ಸೀಮೆಯ ಹಳೆಯ ಮನೆಗಳಲ್ಲಿ ಚಾವಡಿಯ ಒಳಗಿನ ಕೋಣೆಯಲ್ಲೊಂದು ಮರದ ಪೆಟ್ಟಿಗೆ ಇರುತ್ತಿತ್ತು. ಮೂಲಗೇಣಿ ಚೀಟು, ತೀರ್ವೆ ರಶೀದಿ, ಮನೆಯವರ ಚಿನ್ನ ಎಲ್ಲವೂ ಅದರೊಳಗೆ. ಅದರ ಬೀಗದ ಕೈ ಎಲ್ಲಿದೆ ಎಂಬುದು ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತು. ಇಂದು ಆ ಪೆಟ್ಟಿಗೆಯ ಕಾಗದಗಳ ಬಹುಪಾಲು ಕಂಪ್ಯೂಟರಿಗೆ ಬಂದಿವೆ. ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರೀಕರಣವಾಗಿ ಎರಡು ದಶಕಗಳು ಕಳೆದವು. ‘ಫ್ರೂಟ್ಸ್’ ನೋಂದಣಿ ಸಂಖ್ಯೆ, ಬೆಳೆ ವಿಮೆಯ ಅರ್ಜಿ, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕದ ಪ್ರತಿ ಇವೆಲ್ಲ ಒಂದೇ ಯಂತ್ರದಲ್ಲಿ ಕೂಡಿಬಿದ್ದಿರುತ್ತವೆ. ಆದರೆ ಪೆಟ್ಟಿಗೆಗಿದ್ದ ಬೀಗ ಈ ಯಂತ್ರಕ್ಕೆ ಅನೇಕ ಮನೆಗಳಲ್ಲಿ ಇಲ್ಲ.

ಈ ಮಾತು ಬರಿಯ ಹೆದರಿಕೆಯಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಮೊದಲಾದೆಡೆ ಆಸ್ತಿಯ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಯಿತು. ಅವರು ಯಾರಿಗೂ ಗುಪ್ತ ಸಂಖ್ಯೆ ಹೇಳಿರಲಿಲ್ಲ. ಮೊಬೈಲಿಗೆ ಒಟಿಪಿ ಬಂದಿರಲಿಲ್ಲ. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಎತ್ತಿಕೊಂಡು, ಬೆರಳಚ್ಚಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತೆಂದು ಪೊಲೀಸರ ತನಿಖೆಯಿಂದ ತಿಳಿದುಬಂತು. ಮಂಗಳೂರು ಪೊಲೀಸರು ಬಿಹಾರದವರೆಗೆ ಹೋಗಿ ಆರೋಪಿಗಳನ್ನು ಹಿಡಿದು ತಂದರು. ಜಾಗ ಕೊಂಡವನದಾಗಲಿ ಮಾರಿದವನದಾಗಲಿ ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಷ್ಟ ಮೊದಲು ತಟ್ಟಿದ್ದು ಅವರಿಗೇ.

ಇಂತಹ ಮೋಸಕ್ಕೆ ಮನೆಯಲ್ಲೇ ಕುಳಿತು ಹಾಕಬಹುದಾದ ಬೀಗವೊಂದಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಕರ್ಯ ಉಂಟು. ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಅದನ್ನು ಹಾಕಿದರೆ, ಆ ಬಳಿಕ ಯಾರು ಬೆರಳಚ್ಚು ಒತ್ತಿದರೂ ವ್ಯವಹಾರ ನಡೆಯುವುದಿಲ್ಲ. ಒಂದು ಅಡಚಣೆ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಬೇಕಾದಾಗ ಸ್ವಲ್ಪ ಹೊತ್ತಿಗೆ ಬೀಗ ತೆಗೆದುಕೊಳ್ಳಬೇಕು. ಮನೆಯ ಹಿರಿಯರು ಅಕ್ಕಿ ತರಲು ಹೋಗಿ ಬರಿಗೈಯಲ್ಲಿ ಹಿಂದಿರುಗುವ ಹಾಗೆ ಆಗಬಾರದು. ಆದುದರಿಂದ ಬೀಗ ಹಾಕಿದ ವಿಷಯ ಮನೆಯವರಿಗೆಲ್ಲ ತಿಳಿದಿರಬೇಕು.

ಆಧಾರ್ ಪ್ರತಿಯ ಬಗ್ಗೆ ಇನ್ನೊಂದು ಮಾತು. ಇಳಿಸಿಕೊಂಡ ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎಂದು ಬಹಳ ಮಂದಿ ನಿಶ್ಚಿಂತರಾಗಿರುತ್ತಾರೆ. ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಅಷ್ಟೆ. ಊರಿನವರಿಗೆಲ್ಲ ಗೊತ್ತಿರುವ ಇವೆರಡು ಸಂಗತಿಗಳನ್ನು ಬೀಗವೆಂದು ಕರೆಯುವುದು ಕಷ್ಟ. ಮೊದಲ ಎಂಟು ಅಂಕೆಗಳನ್ನು ಮರೆಮಾಡಿದ ಪ್ರತಿಯೂ ಅದೇ ಜಾಲತಾಣದಲ್ಲಿ ದೊರೆಯುತ್ತದೆ. ಪೂರ್ಣ ಸಂಖ್ಯೆ ಕೇಳದ ಕಡೆಗೆ ಅದನ್ನೇ ಕೊಡುವುದು ಉತ್ತಮ. ಕಾರ್ಕಳ ಪೇಟೆಯಲ್ಲೋ ಕಾಪುವಿನಲ್ಲೋ ಅಂಗಡಿಯ ಕಂಪ್ಯೂಟರಿನಲ್ಲಿ ಕಾಗದ ಮುದ್ರಿಸಿಕೊಂಡವರು ಹಣ ಕೊಟ್ಟು ಹೊರಡುವ ಮೊದಲು, ಡೌನ್‌ಲೋಡ್ಸ್ ಕೋಶದಲ್ಲಿ ಉಳಿದ ಪ್ರತಿಯನ್ನು ಅಳಿಸಿ, ರಿಸೈಕಲ್ ಬಿನ್ ಬರಿದುಮಾಡಿಸಬೇಕು. ವಾಟ್ಸ್ಆಪನ್ನು ಆ ಯಂತ್ರಕ್ಕೆ ಜೋಡಿಸಿದ್ದರೆ ಮೊಬೈಲಿನ ಲಿಂಕ್ಡ್ ಡಿವೈಸಸ್ ಎಂಬಲ್ಲಿ ನೋಡಿ ಜೋಡಣೆ ಕಳಚಬೇಕು. ಕೇಳಲು ಸಂಕೋಚಪಡಬೇಕಾದ್ದಿಲ್ಲ.

ಇನ್ನು ಮನೆಯ ಯಂತ್ರದ ವಿಚಾರ. ಕಾರ್ಕಳದ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿರುವ ಮಗ ತಾನು ಬಳಸಿದ ಕಂಪ್ಯೂಟರನ್ನು ಊರಿಗೆ ತಂದಿಟ್ಟು ಹೋಗಿದ್ದಾನೆ. ಯಜಮಾನರು ಅದರಲ್ಲಿ ಅಡಿಕೆ ಮಾರಿದ ಲೆಕ್ಕ ಇಡುತ್ತಾರೆ, ಸೊಸೆ ಸ್ವಸಹಾಯ ಸಂಘದ ಪಟ್ಟಿ ಬರೆಯುತ್ತಾಳೆ, ಮೊಮ್ಮಗ ಆಟವಾಡುತ್ತಾನೆ. ಮೂವರೂ ಒಳಹೋಗುವುದು ಒಂದೇ ಬಾಗಿಲಿನಿಂದ, ಅದೂ ಅಡ್ಮಿನಿಸ್ಟ್ರೇಟರ್ ಎಂಬ ಪೂರ್ಣಾಧಿಕಾರದ ಬಾಗಿಲಿನಿಂದ. ಮೊಮ್ಮಗ ಎಲ್ಲಿಂದಲೋ ಪುಕ್ಕಟೆ ಆಟವೊಂದನ್ನು ಇಳಿಸಿಕೊಂಡರೆ, ಅದರ ಬೆನ್ನಿಗೆ ಬಂದ ಕೇಡಿಗೂ ಅದೇ ಪೂರ್ಣಾಧಿಕಾರ ಸಿಗುತ್ತದೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬ ವಿಭಾಗಕ್ಕೆ ಹೋಗಿ ಒಬ್ಬೊಬ್ಬರಿಗೂ ಬೇರೆ ಖಾತೆ ತೆರೆಯಬಹುದು. ಎಲ್ಲರದೂ ಸ್ಟ್ಯಾಂಡರ್ಡ್ ಖಾತೆಯಾಗಿರಲಿ, ಯಜಮಾನರದೂ ಸಹ. ಪೂರ್ಣಾಧಿಕಾರದ ಖಾತೆಯನ್ನು ಬೇರೆ ಇಟ್ಟು, ಹೊಸ ತಂತ್ರಾಂಶ ಹಾಕುವಾಗ ಮಾತ್ರ ಅದರ ಪಾಸ್‌ವರ್ಡ್ ಬಳಸುವುದು ಕ್ಷೇಮ. ಮಗನ ಹಳೆಯ ಖಾತೆ ಇನ್ನೂ ಅದರಲ್ಲಿ ಉಳಿದಿದ್ದರೆ ಅವನನ್ನು ಕೇಳಿ ತೆಗೆಸಬೇಕು. ತೋಟದಿಂದ ಯಾರೋ ಕೂಗಿದರೆಂದು ಎದ್ದು ಹೋಗುವಾಗ ವಿಂಡೋಸ್ ಗುರುತಿನ ಕೀಲಿ ಮತ್ತು ಎಲ್ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ಅಪ್‌ಡೇಟ್ ಎಂಬ ಸೂಚನೆ ಬಂದಾಗಲೆಲ್ಲ ‘ಆಮೇಲೆ’ ಎಂದು ತಳ್ಳುವ ಅಭ್ಯಾಸ ಬಹಳ ಕಡೆ ಇದೆ. ಅಡಿಕೆ ಬೆಳೆಗಾರರಿಗೆ ಇದರ ಅರ್ಥ ಬೇಗ ಹಿಡಿಯಬೇಕು. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸುತ್ತಾರೆ. ಕೊಳೆ ಬಂದು ಕಾಯಿ ಉದುರಿದ ಮೇಲೆ ಸಿಂಪಡಿಸಿದರೆ ಉದುರಿದ ಕಾಯಿ ಮರ ಹತ್ತುವುದಿಲ್ಲ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚಿಯಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಊರಿಗೆ ಬಂದ ಹಳೆಯ ಯಂತ್ರಗಳಲ್ಲಿ ಇದೇ ಹೆಚ್ಚಾಗಿರುವುದರಿಂದ, ಅದು ವಿಂಡೋಸ್ 11ನ್ನು ತಾಳೀತೇ ಎಂದು ಬಲ್ಲವರಿಂದ ನೋಡಿಸಬೇಕು. ತಾಳದಿದ್ದರೆ ಲಿನಕ್ಸ್ ಹಾಕಿಸಬಹುದು, ಇಲ್ಲವೆ ಬ್ಯಾಂಕ್ ವ್ಯವಹಾರವನ್ನಾದರೂ ಅದರಲ್ಲಿ ನಿಲ್ಲಿಸಬೇಕು.

ಕಾಪು ತಾಲೂಕಿನ ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವವರಿಗೆ ದಿನದ ಲೆಕ್ಕ ಎಷ್ಟು ಮುಖ್ಯವೆಂದು ಹೇಳಬೇಕಾಗಿಲ್ಲ. ದರ ದಿನಕ್ಕೊಂದು, ಇಂದು ಎಷ್ಟು ಅಟ್ಟೆ ಹೋಯಿತು, ಯಾರಿಂದ ಎಷ್ಟು ಬರಬೇಕು ಎಂಬುದು ಒಂದು ದಿನ ತಪ್ಪಿದರೂ ಗೋಜಲು. ಆ ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ವಾರಕ್ಕೊಮ್ಮೆ ಬೇರೆ ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ಪ್ರತಿ ತೆಗೆದು, ತೆಗೆದ ಮೇಲೆ ಅದನ್ನು ಕಳಚಿ ಕಪಾಟಿನಲ್ಲಿಡಬೇಕು. ಚುಚ್ಚಿಯೇ ಬಿಟ್ಟರೆ ಕೇಡು ಬಂದಾಗ ಪ್ರತಿಯೂ ಹೋಗುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಗುಂಡಿ ಸಾಮಾನ್ಯವಾಗಿ ಆರಿಸಿದ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಹಚ್ಚಿದರೆ ಗುರುತಿಲ್ಲದ ತಂತ್ರಾಂಶಗಳು ಲೆಕ್ಕದ ಕಡತ ಮುಟ್ಟಲಾರವು. ಕೆಲವೊಮ್ಮೆ ಒಳ್ಳೆಯ ತಂತ್ರಾಂಶವನ್ನೂ ಇದು ತಡೆಯುವುದುಂಟು. ಆಗ ಅದನ್ನು ಅನುಮತಿಯ ಪಟ್ಟಿಗೆ ಸೇರಿಸಿದರಾಯಿತು. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ ಇದ್ದಲ್ಲಿ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದು ಹಳೆಯ ಮರದ ಪೆಟ್ಟಿಗೆಯಲ್ಲಿಡಬೇಕು. ಅದು ಕಳೆದರೆ ಯಂತ್ರದ ಒಡೆಯನಿಗೂ ಒಳಗೆ ಪ್ರವೇಶವಿಲ್ಲ.

ಜಾಲ ನೋಡುವ ಬ್ರೌಸರಿನಲ್ಲಿ ‘ನೋಟಿಫಿಕೇಷನ್ ಕಳಿಸಬಹುದೇ’ ಎಂದು ಕೇಳುವ ತಾಣಗಳಿಗೆ ಒಮ್ಮೆ ಹೂಂ ಎಂದರೆ, ಮುಂದೆ ಪರದೆಯ ಮೂಲೆಯಲ್ಲಿ ‘ನಿಮ್ಮ ಯಂತ್ರಕ್ಕೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸುಳ್ಳು ಎಚ್ಚರಿಕೆಗಳು ಬರತೊಡಗಬಹುದು. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಈ ಅನುಮತಿಗಳನ್ನೂ, ಜೊತೆಗೆ ಕ್ಯಾಮೆರಾ, ಮೈಕ್, ಸ್ಥಳದ ಅನುಮತಿಗಳನ್ನೂ ನೋಡಿ ಬೇಡದ್ದನ್ನು ತೆಗೆಯಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಹಂಚಿಕೊಂಡ ಖಾತೆಯ ಬ್ರೌಸರಿನಲ್ಲಿ ಉಳಿಸಬಾರದು.

ಎಷ್ಟೇ ಬೀಗ ಹಾಕಿದ್ದರೂ ಮಾತಿಗೆ ಮರುಳಾಗಿ ಬಾಗಿಲು ತೆರೆದವರಿದ್ದಾರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬರುವವನ ಮುಖ ಗೊತ್ತು, ಮನೆ ಗೊತ್ತು. ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಮುಂದೆ ಶಾಖೆಗಳ ಐಎಫ್‌ಎಸ್‌ಸಿ ಸಂಖ್ಯೆಗಳೂ ಬದಲಾದವು. ಇಂತಹ ಬದಲಾವಣೆಯ ಹೆಸರು ಹೇಳಿ, ಫೋನಿನಲ್ಲಿ ನಯವಾಗಿ ಮಾತಾಡಿ, ‘ನಾವೇ ಸರಿಮಾಡಿ ಕೊಡುತ್ತೇವೆ, ಎನಿಡೆಸ್ಕ್ ಹಾಕಿಕೊಳ್ಳಿ’ ಎನ್ನುವವನ ಮುಖವೂ ಇಲ್ಲ, ಮನೆಯೂ ಇಲ್ಲ. ಎನಿಡೆಸ್ಕ್ ಕೆಟ್ಟ ವಸ್ತುವಲ್ಲ. ಬೆಂಗಳೂರಿನ ಮಗ ಊರಿನ ಯಂತ್ರ ಸರಿಪಡಿಸಲು ಅದನ್ನೇ ಬಳಸಬಹುದು. ಆದರೆ ಅಪರಿಚಿತನಿಗೆ ಅದರ ಸಂಖ್ಯೆ ಹೇಳಿದರೆ ಅವನು ಎದುರು ಕುಳಿತು ಕೀಲಿ ಒತ್ತಿದಂತೆಯೇ ಆಯಿತು. ಸಂಶಯವಿದ್ದರೆ ಫೋನಿಟ್ಟು, ಮರುದಿನ ಶಾಖೆಗೆ ಹೋಗಿ ಕೇಳಬೇಕು.

ಹಣ ಹೋದದ್ದು ಗೊತ್ತಾದ ಕೂಡಲೇ ನಾಚಿಕೆಪಟ್ಟು ಸುಮ್ಮನಿರಬಾರದು. 1930ಕ್ಕೆ ಕರೆ ಮಾಡಿದರೆ ಹಣ ಕೈದಾಟುವ ಮೊದಲು ತಡೆಹಿಡಿಯಲು ಅವಕಾಶವಿರುತ್ತದೆ. ಉಡುಪಿಯ ಸೆನ್ ಅಪರಾಧ ಠಾಣೆಯಲ್ಲೂ ದೂರು ಕೊಡಬಹುದು. ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಆದುದರಿಂದ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ತಾರೀಕು ಹಾಕಿದ ಸ್ವೀಕೃತಿ ಪಡೆಯಬೇಕು. ಬಂದ ಸಂದೇಶ, ಕರೆಯ ಸಂಖ್ಯೆ, ಪಾಸ್‌ಪುಸ್ತಕದ ನಮೂದು ಯಾವುದನ್ನೂ ಅಳಿಸಬಾರದು. ಯಂತ್ರವನ್ನು ಶುಚಿಮಾಡಿಸುವುದು ದೂರು ದಾಖಲಾದ ಮೇಲೆ.